ಚಿಕ್ಕಮ್ಮನ ಬೈಗುಳಕ್ಕೆ ನಾನೇ ದುಭಾಷಿ

ನಮ್ಮ ಚಿಕ್ಕಮ್ಮ ದೇವರನ್ನು ಬೈಯುತ್ತಾಳೆ. ಮನಸ್ಸಿನೊಳಗಲ್ಲ, ಬಾಗಿಲು ಹಾಕಿಕೊಂಡಲ್ಲ. ಭಾನುವಾರ ಬೆಳಗ್ಗೆ, ತುಂಬಿದ ಸಭೆಯಲ್ಲಿ, ಮೈಕ್ ಹಿಡಿದುಕೊಂಡು! ಅದೂ ಕನ್ನಡದಲ್ಲಿ. ಸಭೆಯಲ್ಲಿ ಕೂತವರಿಗೆ ಗೊತ್ತಿರುವುದು ತಮಿಳು. ಹಾಗಾದರೆ ಆ ಬೈಗುಳವನ್ನು ಒಂದೊಂದಾಗಿ ತಮಿಳಿಗೆ ತರಲು ಅವಳ ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದು ನಿಲ್ಲುವ ಪ್ರಾಣಿಯೊಂದು ಬೇಕಲ್ಲವೇ? ಆ ಪ್ರಾಣಿ ನಾನು.

ನಗಬೇಡಿ. ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹಣೆಗೆ ಕಾಸಗಲ ಕುಂಕುಮ ಇಡುವವಳು, ಶನಿವಾರ ಬಂದರೆ ಆಂಜನೇಯನಿಗೆ ತುಪ್ಪದ ದೀಪ ಹಚ್ಚುವವಳು. ವಾರಕ್ಕೊಂದು ಭಾನುವಾರ ಸಿಕ್ಕರೆ ಹಾಸಿಗೆಯಲ್ಲಿ ಹೊರಳಾಡುತ್ತ ಗಂಡನ ಕೈಲಿ ಕಾಫಿ ಮಾಡಿಸಿಕೊಳ್ಳಬೇಕೆಂದು ಆಸೆಪಡುವ ಮಧ್ಯವಯಸ್ಸಿನ ಹೆಂಗಸು. ಅಂಥವಳು ಕೀಲ್ಪಾಕಿನಿಂದ ಆಟೋದವನ ಹತ್ತಿರ ಜಗಳವಾಡಿ ಚೇತ್‌ಪಟ್ ಸ್ಟೇಷನ್ನಿಗೆ ಬಂದು, ಲೋಕಲ್ ಟ್ರೇನ್ ಹಿಡಿದು, ಬೆವರು ಒರೆಸಿಕೊಳ್ಳುತ್ತ ಕ್ರೋಂಪೇಟೆಯಲ್ಲಿ ಇಳಿದು, ಪೆಂತೆಕೊಸ್ತ್ ಸಭೆಯೊಂದರಲ್ಲಿ ಬಿಳಿ ಸೀರೆಗಳ ನಡುವೆ ಹಸಿರು ಬಳೆ ಝಣಝಣ ಅನ್ನಿಸುತ್ತ ನಿಲ್ಲುತ್ತೇನೆ. ಯಾಕೆ? ಚಿಕ್ಕಮ್ಮನಿಗೆ ದೇವರ ಮೇಲೆ ಸಿಟ್ಟು ಬಂದಿದೆ, ಅದಕ್ಕೆ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಸಭೆಯವರು ನನ್ನನ್ನು ಯಾವತ್ತೂ ಸೇರು ಅಂದವರಲ್ಲ, ಕುಂಕುಮ ಅಳಿಸು ಅಂದವರಲ್ಲ. ಟೀ ಕೊಡುತ್ತಾರೆ, ಫ್ಯಾನಿನ ಹತ್ತಿರ ಜಾಗ ಕೊಡುತ್ತಾರೆ. ಅವರ ಮೇಲೆ ನನ್ನದೇನೂ ದೂರಿಲ್ಲ. ದೂರೆಲ್ಲ ಚಿಕ್ಕಮ್ಮನ ಮೇಲೆ. ಮತ್ತು ಎಸ್ತರಮ್ಮನವರ ಮೇಲೆ. ಅವರ ವಿಷಯಕ್ಕೆ ಬರುತ್ತೇನೆ, ತಾಳಿ.

ಮೊದಲು ಆ ಸಭೆಯ ಮಾತಿನ ರೀತಿ ನಿಮಗೆ ಗೊತ್ತಾಗಬೇಕು. ಪ್ಲಂಬಿಂಗ್ ಸಾಮಾನಿನ ಅಂಗಡಿಯ ಮೇಲೆ ತಗಡು ಹೊದಿಸಿದ ಮಹಡಿ. ಹತ್ತಲು ಕಡಿದಾದ ಕಬ್ಬಿಣದ ಮೆಟ್ಟಿಲು. ಒಳಗೆ ಉದ್ದಕ್ಕೆ ಚಾಪೆ, ಮೂಲೆಯಲ್ಲಿ ಕೀಬೋರ್ಡ್, ಅಲ್ಲಲ್ಲಿ ನಿಲ್ಲಿಸಿದ ಫ್ಯಾನು. ಅಲ್ಲಿಗೆ ಕಾಲಿಟ್ಟ ಕ್ಷಣ ನಿಮಗೆ ಬೇಕಾಗುವುದು ಒಂದೇ ಮಾತು: ‘ಸ್ತೋತ್ರಂ’. ಬಂದರೆ ಸ್ತೋತ್ರಂ, ಹೊರಟರೆ ಸ್ತೋತ್ರಂ. ಫೋನ್ ಎತ್ತಿದರೆ ಹಲೋ ಇಲ್ಲ, ಸ್ತೋತ್ರಂ. ಟೀ ತಣ್ಣಗಾಗುತ್ತದೆ ಬನ್ನಿ ಅನ್ನುವುದಕ್ಕೂ ಸ್ತೋತ್ರಂ. ಮೊದಲ ದಿನ ಒಬ್ಬಾಕೆ ನನ್ನ ಕಾಲು ತುಳಿದು ‘ಸ್ತೋತ್ರಂ ಸಿಸ್ಟರ್’ ಅಂದಳು. ಕ್ಷಮೆ ಕೇಳಿದಳೋ, ಪಕ್ಕಕ್ಕೆ ಸರಿ ಅಂದಳೋ, ತುಳಿಯಲು ಒಂದು ಕಾಲು ಸಿಕ್ಕಿದ್ದಕ್ಕೆ ದೇವರಿಗೆ ವಂದಿಸಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ!

ಆಮೇಲೆ ‘ಆಮೆನ್’. ಇದನ್ನು ಅನ್ನುವ ಬಗೆಯೇ ನೂರು. ಮೆಲ್ಲಗೆ ಅಂದರೆ ಕೇಳುತ್ತಿದ್ದೇನೆ ಎಂದು. ಜೋರಾಗಿ ಅಂದರೆ ನನ್ನ ಮನೆಯಲ್ಲೂ ಇದೇ ಕಥೆ ಎಂದು. ಎಳೆದು ಅಂದರೆ ಸಾಕು, ಕೂತುಕೋ ಎಂದು. ಎಲ್ಲರೂ ಒಟ್ಟಿಗೆ ಪ್ರಾರ್ಥಿಸುವಾಗಲಂತೂ ಒಬ್ಬೊಬ್ಬರೂ ಅವರವರ ಕಷ್ಟವನ್ನು ಗಟ್ಟಿಯಾಗಿ, ಒಂದೇ ಸಲಕ್ಕೆ ದೇವರಿಗೆ ಹೇಳುತ್ತಾರೆ. ತಗಡಿನ ಮಾಡು ಗುಂಯ್ ಅನ್ನುತ್ತದೆ. ಕೆಲವರಿಗೆ ಆಗ ಅನ್ಯಭಾಷೆ, ಅಂದರೆ ಆವೇಶದಲ್ಲಿ ತಾನಾಗಿ ಹೊಮ್ಮುವ, ಯಾರಿಗೂ ತಿಳಿಯದ ಮಾತು, ಬರುತ್ತದೆ. ಅದು ಅವರಿಗೂ ದೇವರಿಗೂ ನಡುವಿನ ಮಾತು, ಅದನ್ನು ಯಾರೂ ನನ್ನ ಕೈಲಿ ತಮಿಳಿಗೆ ಹಾಕಿಸುವುದಿಲ್ಲ. ಎಷ್ಟು ಚೆನ್ನಾದ ಏರ್ಪಾಡು! ಚಿಕ್ಕಮ್ಮನಿಗೂ ಅದೇ ಬರಬಾರದಿತ್ತೇ? ಇಲ್ಲ. ಅವಳಿಗೆ ಬರುವುದು ಕೊಳ್ಳೇಗಾಲದ ಕನ್ನಡ ಮಾತ್ರ.

ಮದುವೆಯಾಗಿ ಚೆನ್ನೈಗೆ ಬಂದು ಅರ್ಧ ಆಯಸ್ಸು ಕಳೆದರೂ ಅವಳು ಕಲಿತ ತಮಿಳು ಸೊಪ್ಪಿನವಳ ಹತ್ತಿರ ಜಗಳ ಶುರು ಮಾಡುವಷ್ಟು. ಜಗಳ ಸ್ವಲ್ಪ ಏರಿದರೆ ತಮಿಳು ಮುಗಿದುಹೋಗಿ ಕನ್ನಡ ನುಗ್ಗುತ್ತದೆ. ಉಳಿದದ್ದನ್ನೆಲ್ಲ ರೈಲ್ವೆಯಲ್ಲಿದ್ದ ಚಿಕ್ಕಪ್ಪ ಮಾತಾಡುತ್ತಿದ್ದರು: ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಮನೆ ಓನರ್ ಹತ್ತಿರ. ಮಕ್ಕಳಿಲ್ಲ. ಚಿಕ್ಕಪ್ಪ ಇದ್ದಕ್ಕಿದ್ದಂತೆ ಹೋದ ಮೇಲೆ, ಮಹಡಿ ಮನೆಯ ಎಸ್ತರಮ್ಮ ಚಿಕ್ಕಮ್ಮನನ್ನು ಸಭೆಗೆ ಕರೆದುಕೊಂಡು ಹೋಗತೊಡಗಿದರು. ಎಸ್ತರಮ್ಮ ಕೆಜಿಎಫ್ ಕಡೆಯವರು, ಎರಡೂ ಭಾಷೆ ಸಲೀಸು. ನಮ್ಮ ನೆಂಟರೆಲ್ಲ ಊರಿಂದ ಫೋನ್ ಮಾಡಿ ಕೂಗಾಡಿದರು. ಚಿಕ್ಕಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: “ನನ್ನಿಷ್ಟ. ಇಡು ಫೋನ.”

ಈಗ ಜಗಳದ ಕಥೆಗೆ ಬನ್ನಿ. ಸಭೆಯಲ್ಲಿ ‘ಸಾಕ್ಷಿ’ ಎಂದೊಂದಿದೆ. ಬೇಕಾದವರು ಎದ್ದು, ಮೈಕ್ ಹಿಡಿದು, ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರಿಗೂ ಹೇಳಬೇಕು. ಅದಕ್ಕೊಂದು ದಾರಿಯಿದೆ. ಕಷ್ಟದಲ್ಲಿ ಹೊರಟು, ಕಣ್ಣೀರು ದಾಟಿ, ಪ್ರಾರ್ಥನೆಯ ಹತ್ತಿರ ತಿರುಗಿ, ಕೊನೆಗೆ ಅಲ್ಲೇಲೂಯಾ ಸ್ಟೇಷನ್ನಿನಲ್ಲಿ ಇಳಿಯಬೇಕು. ಗಾಡಿ ಸ್ಟೇಷನ್ನಿಗೆ ಬರುತ್ತಿರುವುದು ಗೊತ್ತಾದ ಕೂಡಲೇ ಕೀಬೋರ್ಡಿನ ಬ್ರದರ್ ಒಂದು ಸ್ವರ ಹಿಡಿಯುತ್ತಾರೆ, ಜನ ಕೈ ಎತ್ತುತ್ತಾರೆ. ಎಲ್ಲರಿಗೂ ನೆಮ್ಮದಿ.

ಚಿಕ್ಕಪ್ಪ ಹೋಗಿ ವರ್ಷ ತುಂಬಿದ ಭಾನುವಾರ ಚಿಕ್ಕಮ್ಮ ಸಾಕ್ಷಿಗೆ ಎದ್ದಳು. ಪಕ್ಕದಲ್ಲಿ ತಮಿಳಿಗೆ ಎಸ್ತರಮ್ಮ. ಚಿಕ್ಕಪ್ಪನ ವರ್ಷವಲ್ಲವೇ ಎಂದು ನಾನೂ ಹೋಗಿದ್ದೆ. ಹೋಗಬಾರದಿತ್ತು! ಚಿಕ್ಕಮ್ಮ ಹೇಳಿದಳು: “ಎದೆನೋವು ಬಂದ್ರೆ ಬಾಯ್ ಬಿಟ್ಟು ಹೇಳ್ಬಾರ್ದಾ? ಪಕ್ಕದ್ ಮನೆಯೋರ್ಗೆ ಹೇಳವ್ರೆ, ನನಗ್ ಹೇಳ್ಲಿಲ್ಲ. ಹೆದ್ರಕೋತಾಳೆ ಅಂತ ಸುಮ್ಕಿದ್ರಂತೆ. ಯಾರ್ ಹೇಳಿದ್ರು ಸುಮ್ಕಿರಿ ಅಂತ? ನನ್ ಸಿಟ್ಟು ಇನ್ನೂ ಹೋಗಿಲ್ಲ. ದೇವ್ರೇ, ನಿನ್ ಮೇಲೂ ಹೋಗಿಲ್ಲ.”

ಎಸ್ತರಮ್ಮ ಮೈಕಿಗೆ ಬಾಯಿಟ್ಟು, ಜೇನಿನಂಥ ತಮಿಳಿನಲ್ಲಿ, ನನ್ನ ಗಂಡ ಸಮಾದಾನವಾಗಿ ಕರ್ತನ ಪಾದ ಸೇರಿದರು, ನನಗೂ ದೇವರು ಸಮಾದಾನಂ ಕೊಟ್ಟಿದ್ದಾರೆ, ಅಲ್ಲೇಲೂಯಾ ಅಂದುಬಿಟ್ಟರು! ಕೀಬೋರ್ಡ್ ಸ್ವರ ಹಿಡಿಯಿತು, ಜನ ಚಪ್ಪಾಳೆ ತಟ್ಟಿದರು, ಪಾಸ್ಟರ್ ಅಯ್ಯ ಕಣ್ಣೊರೆಸಿಕೊಂಡರು. ಸಮಾದಾನ ಅಂದರೆ ತಮಿಳಿನಲ್ಲೂ ಸಮಾಧಾನವೇ. ಇಷ್ಟು ತಿಳಿಯಲು ಚಿಕ್ಕಮ್ಮನಿಗೆ ದುಭಾಷಿ ಬೇಕಿರಲಿಲ್ಲ.

ಸಭೆ ಮುಗಿದು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಹುಡುಕುವಾಗ ಸಿಡಿಯಿತು.

“ಏನಮ್ಮಾ ಎಸ್ತರಮ್ಮ, ನಾನ್ ಏನ್ ಹೇಳ್ದೆ, ನೀನೇನ್ ಹೇಳ್ದೆ?”

“ನೀ ಹೇಳಿದ್ದೇ ಹೇಳಿದೆ ಮಾ. ಸೊಲ್ಪ ಚೆನ್ನಾಗಿ ಹೇಳಿದೆ.”

“ಚೆನ್ನಾಗ್ ಹೇಳು ಅಂತ ನಿನ್ನ ಯಾರ್ ಕೇಳಿದ್ರು? ನಾನ್ ಸಿಟ್ ಕೊಟ್ರೆ ನೀನು ಸಮಾಧಾನ ಮಾಡಿ ಹಂಚ್‌ಬುಡೋದಾ? ಅದೇನ್ ನಿಮ್ಮಪ್ಪನ್ ಮನೆ ಸಿಟ್ಟಾ?”

“ಸಾಕ್ಷಿ ಅಂದ್ರೆ ಕಡೇಲಿ ಸ್ತೋತ್ರ ಬರಬೇಕು ಮಾ! ಮೊದಲಿಂದ ಕಡೇ ತನಕ ಬೈತಾನೇ ಇದ್ರೆ ಜನ ಎಲ್ಲಿ ಆಮೆನ್ ಅನ್ನೋದು?”

“ಅನ್ನೋದ್ ಬ್ಯಾಡ. ಸುಮ್ಕೆ ಕೂತ್ಕೊಂಡು ಕೇಳ್ಲಿ.”

“ಅದು ಸಾಕ್ಷಿ ಅಲ್ಲ ಮಾ, ಕಂಪ್ಲೇಂಟು!”

“ಹೂಂ ಕಣೇ, ಕಂಪ್ಲೇಂಟೇ! ಅವನ್ ಹತ್ರ ಅಲ್ದೆ ಇನ್ಯಾರ್ ಹತ್ರ ಕೊಡ್ಲಿ?”

ಅಷ್ಟೇ. ಮಾತು ನಿಂತಿತು. ಸಿಟ್ಟಿನ ಭರದಲ್ಲಿ ಚಿಕ್ಕಮ್ಮ ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಎಸ್ತರಮ್ಮನವರದು ಮೆಟ್ಟಿಕೊಂಡು ನಡೆದಳು. ಎಸ್ತರಮ್ಮನೂ ಉಳಿದ ಎರಡನ್ನು ಮೆಟ್ಟಿಕೊಂಡು, ಒಂದು ಅಕ್ಷರ ಆಡದೆ, ಹಿಂದೆಯೇ ನಡೆದರು. ಒಂದೇ ಕಟ್ಟಡ, ಕೆಳಗೆ ಇವಳು, ಮೇಲೆ ಅವರು! ಮಾರನೆಯ ದಿನ ಚಪ್ಪಲಿ ಅದಲುಬದಲು ಮಾಡಲು ಕೀಲ್ಪಾಕಿನಿಂದ ಯಾರು ಬಂದರು ಅಂತೀರಿ? ಇನ್ಯಾರು, ನಾನೇ!

ಜೊತೆಗೆ ಯಾರೂ ಇಲ್ಲವೆಂದು ಒಂದೆರಡು ಭಾನುವಾರ ಚಿಕ್ಕಮ್ಮ ನನ್ನನ್ನು ಎಳೆದುಕೊಂಡು ಹೋದಳು. ಮಾತು ಬಿಟ್ಟವರು ದೂರ ದೂರ ಕೂರಬೇಕು ತಾನೇ? ಇಲ್ಲ. ಜಾಗ ಬಿಟ್ಟುಕೊಟ್ಟರೆ ಸೋತ ಹಾಗಲ್ಲವೇ! ಇಬ್ಬರೂ ಅದೇ ಚಾಪೆ, ಅದೇ ಜಾಗ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ನಮ್ಮ ಚಿಕ್ಕಮ್ಮ ಸ್ತೋತ್ರಂ ಅನ್ನುವುದನ್ನು ಎಸ್ತರಮ್ಮನವರ ಮುಂದಿನವರಿಗೆ, ಹಿಂದಿನವರಿಗೆ, ಆಚೆಯವರಿಗೆ ಎಲ್ಲ ಹಂಚಿ, ಮಧ್ಯದಲ್ಲೊಂದು ಗುಂಡಿ ಬಿಟ್ಟ ಹಾಗೆ ಅವರನ್ನು ಮಾತ್ರ ಬಿಡುತ್ತಿದ್ದಳು. ಪಾಸ್ಟರ್ ಅಯ್ಯನಿಗೋ ಒಂದು ಅಭ್ಯಾಸ. ಪ್ರಸಂಗ ಅನ್ನುವ ಉಪದೇಶದ ಮಧ್ಯೆ ನಿಲ್ಲಿಸಿ, “ಪಕ್ಕದಲ್ಲಿ ಇರೋರನ್ನ ನೋಡಿ, ನೀವು ಆಶೀರ್ವಾದವಾಗಿ ಇರ್ತೀರ ಅಂತ ಹೇಳಿ” ಎಂದು ತಮಿಳಿನಲ್ಲಿ ಎಲ್ಲರ ಕೈಲೂ ಹೇಳಿಸುತ್ತಾರೆ. ಸಭೆಯೆಲ್ಲ ಗಿಜಿಗಿಜಿ, ನಗು, ಕೈಕುಲುಕು. ಎಸ್ತರಮ್ಮ ಗೋಡೆಗೆ ಹೇಳಿದರು. ನಮ್ಮ ಚಿಕ್ಕಮ್ಮ ಫ್ಯಾನಿನ ಕಡೆ ತಿರುಗಿ, ಗಂಭೀರವಾಗಿ, “ನೀನು ಆಶೀರ್ವಾದವಾಗಿ ಇರ್ತೀಯ” ಅಂದಳು. ತಿರುಗುವ ಫ್ಯಾನು. ಅದು ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ತಲೆಯಾಡಿಸಿ, ಬೇಡ ಅಂದಿತು.

ಇಷ್ಟಕ್ಕೇ ಮುಗಿಯಿತೇ? ಯುದ್ಧ ಪ್ರಾರ್ಥನೆ ವಿನಂತಿಗೆ ಏರಿತು. ಯಾರಿಗಾಗಿ ಪ್ರಾರ್ಥಿಸಬೇಕೆಂದು ಎದ್ದು ಹೇಳುವ ಹೊತ್ತು ಅದು. ಎಸ್ತರಮ್ಮ ಎದ್ದು, ಸಿಟ್ಟಿನಿಂದ ಬಿಡುಗಡೆಯಾಗಬೇಕಾದ ಒಬ್ಬ ಸಹೋದರಿಗಾಗಿ ಎಲ್ಲರೂ ಪ್ರಾರ್ಥಿಸಿ ಎಂದು ಚೆಂದದ ತಮಿಳಿನಲ್ಲಿ ಬೇಡಿಕೊಂಡರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಇಡೀ ಸಭೆ ಒಮ್ಮೆ ಫ್ಯಾನಿನ ಕಡೆ ನೋಡಿ ಕಣ್ಣು ಮುಚ್ಚಿತು. ಚಿಕ್ಕಮ್ಮನಿಗೆ ಅರ್ಥವಾದದ್ದು ‘ಸಹೋದರಿ’ ಅನ್ನುವುದಷ್ಟೇ. ಯಾರೋ ಪಾಪದ ಹೆಂಗಸು ಎಂದುಕೊಂಡು ಎರಡೂ ಕೈ ಎತ್ತಿ, ಎಲ್ಲರಿಗಿಂತ ಗಟ್ಟಿಯಾಗಿ, “ಕಾಪಾಡಪ್ಪಾ, ಆಯಮ್ಮನ್ನ ಕಾಪಾಡಪ್ಪಾ” ಎಂದು ಗಂಟಲು ಹರಿಯುವಂತೆ ಪ್ರಾರ್ಥಿಸಿದಳು. ಮನೆಗೆ ಬಂದ ಮೇಲೆ ನಾನು ನಿಜ ಹೇಳಿದೆ. ಹೇಳಬಾರದಿತ್ತು! ಒಲೆಯ ಮೇಲಿನ ಸಾರು ಉಕ್ಕಿಹೋಯಿತು, ಅವಳ ಬಾಯಿ ಮಾತ್ರ ನಿಲ್ಲಲಿಲ್ಲ.

ಅವತ್ತೇ ತೀರ್ಮಾನವಾದದ್ದು. “ಇನ್ಮೇಲೆ ನನ್ ಮಾತ ನೀನೇ ಹೇಳು. ನಿನ್ ತಮಿಳ್ ಚಂದಾಗದೆ. ಟಿ. ನಗರದ್ ಸೀರೆ ಅಂಗಡಿಯೋರೇ ನಿನ್ ಕಂಡ್ರೆ ಹೆದರ್ತಾರೆ.”

“ಚಿಕ್ಕಮ್ಮ, ನಾನು ಆ ಸಭೆಯವಳೇ ಅಲ್ಲ!”

“ಅದಕ್ಕೇ ಹೇಳ್ದೆ. ನಿಂಗೆ ಅಲ್ಲೇಲೂಯಾ ಸೇರ್ಸೋ ಆಸೆ ಇರಾಕಿಲ್ಲ.”

ಪಾಸ್ಟರ್ ಅಯ್ಯನಾದರೂ ಬೇಡ ಅನ್ನಲಿ ಎಂದು ಹರಕೆ ಹೊತ್ತುಕೊಂಡೆ. ಅವರು ನನ್ನ ಕುಂಕುಮ ನೋಡಿದರು, ಬಳೆ ನೋಡಿದರು, “ನೀವು ವಿಶ್ವಾಸಿಯಾ ಮಾ?” ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಚಿಕ್ಕಮ್ಮ ತನ್ನ ಹರುಕು ತಮಿಳಿನಲ್ಲಿ, “ವಿಶ್ವಾಸಿ ಇಲ್ಲೆ. ಪೊಯ್ ಸೊಲ್ಲ ಮಾಟ್ಟಾ” ಅಂದಳು. ಸುಳ್ಳು ಹೇಳಲ್ಲ, ಅಷ್ಟು ಸಾಕಲ್ಲ ಎಂಬಂತೆ. ಪಾಸ್ಟರ್ ಅಯ್ಯ ಜೋರಾಗಿ ನಕ್ಕು ಸ್ತೋತ್ರಂ ಅಂದರು. ನನ್ನ ಭಾನುವಾರಗಳು ಅಲ್ಲಿಗೆ ಮುಗಿದವು.

ಮೊದಲ ಸಾಕ್ಷಿಯ ದಿನ ಬಂತು. ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಮೈಕ್ ಕೈಗೆ ಬಂದದ್ದೇ ತಗಡಿನ ಮಾಡಿನ ಕಡೆ ಮುಖ ಎತ್ತಿ, “ದೇವ್ರೇ, ಮಂಡಿ ಕೊಟ್ಟೋನೂ ನೀನೇ, ಮೆಟ್ಲು ಕೊಟ್ಟೋನೂ ನೀನೇ. ಎರಡ್ನೂ ಒಟ್ಟಿಗೆ ಇಟ್ಕೊಂಡು ಒಂದ್ ಗಳ್ಗೆ ಯೋಚ್ನೆ ಮಾಡ್ಬಾರ್ದಿತ್ತಾ?” ಅಂದಳು.

ನಾನು ಹೆದರಿ, ದೇವರು ನನಗೆ ಮೆಟ್ಟಿಲು ಹತ್ತುವ ಬಲ ಕೊಡಲಿ ಎಂದು ತಮಿಳಿನಲ್ಲಿ ಹೇಳಿದೆ. ಪಕ್ಕೆಗೆ ಮೊಣಕೈ ಬಿತ್ತು. “ನೀನೂ ಅವಳ ಶಿಷ್ಯಳೇನೇ? ಇದ್ದಂಗ್ ಹೇಳು.” ಇದ್ದ ಹಾಗೆ ಹೇಳಿದೆ. ಕೀಬೋರ್ಡಿನ ಬ್ರದರ್ ಬೆರಳು ಗಾಳಿಯಲ್ಲೇ ನಿಂತಿತು. ನನ್ನನ್ನು ಹೊರಗೆ ಹಾಕುತ್ತಾರೆ, ಸರಿ, ಮುಂದಿನ ವಾರದಿಂದ ಮಲಗಬಹುದು ಎಂದು ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಮಂಡಿಗೆ ಪಟ್ಟಿ ಸುತ್ತಿಕೊಂಡ ಮುದುಕರೊಬ್ಬರು ಮಾಡು ಹಾರಿಹೋಗುವಂತೆ “ಆಮೆನ್!” ಎಂದು ಕೂಗಿದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಮಂಡಿ ಇರುವವರೆಲ್ಲ!

ಅಲ್ಲಿಂದ ಮುಂದೆ ಚಿಕ್ಕಮ್ಮನ ದರ್ಬಾರು. ಟೀ ಹೊತ್ತಿನಲ್ಲಿ ಹೆಂಗಸರು ನನ್ನ ಸುತ್ತ ಸೇರಿ, ‘ಸಿಸ್ಟರ್, ನಮ್ಮ ಬೀದಿಗೆ ನೀರಿನ ಲಾರಿ ಬರುವುದಿಲ್ಲ, ಅದನ್ನೂ ಚಿಕ್ಕಮ್ಮನಿಗೆ ಹೇಳಿ’, ‘ಸೊಸೆಯ ವಿಷಯ ಒಂದಿದೆ, ನಾವು ಹೇಳಿದರೆ ಚೆನ್ನಾಗಿರುವುದಿಲ್ಲ’ ಎಂದು ಅಹವಾಲು ಕೊಡತೊಡಗಿದರು. ಊರಿನ ಸಿಟ್ಟೆಲ್ಲ ನನ್ನ ಮೂಲಕ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ದೇವರಿಗೆ, ಮತ್ತೆ ನನ್ನ ಮೂಲಕ ಊರಿಗೆ! ನಾನೇನು ಪೋಸ್ಟಾಫೀಸೇ? ಮನೆಗೆ ಬಂದರೆ ಕಾಲು ಚಾಚಿಕೊಂಡು ಪೇಪರ್ ಓದುತ್ತಿರುವ ಗಂಡ.

“ಹೆಂಗಿತ್ತೇ ಇವತ್ತಿನ ಬೈಗುಳ?”

“ನೀವು ಒಂದು ವಾರ ಬನ್ನಿ, ಗೊತ್ತಾಗುತ್ತೆ.”

“ನನಗೆ ಮನೇಲೇ ಸಿಗುತ್ತಲ್ಲ, ಅನುವಾದದ ಖರ್ಚಿಲ್ಲದೆ.”

ಪೇಪರ್ ಕಿತ್ತುಕೊಂಡೆ. ಇನ್ನೇನು ಮಾಡಲಿ?

ಆದರೆ ನಿಜವಾದ ಸಂಕಟ ಬೇರೆ ಇತ್ತು. ದೇವರನ್ನು ಬೈದು ಮುಗಿಸಿದ ಮೇಲೆ ಚಿಕ್ಕಮ್ಮ ಮೆಲ್ಲಗೆ ಎಸ್ತರಮ್ಮನವರ ಕಡೆ ಹೊರಳುತ್ತಿದ್ದಳು. “ಇಲ್ಲೇ ಒಬ್ಳವಳೆ, ಬಾಯ್ತುಂಬ ಜೇನು, ಹೊಟ್ಟೆತುಂಬ ಹೆಮ್ಮೆ” ಅನ್ನುವಳು. ನಾನು ಅದನ್ನು, ಇಲ್ಲಿರುವ ಎಲ್ಲರ ಮೇಲೂ ನನಗೆ ಪ್ರೀತಿ ಎಂದು, ಅವಳಿಗೆ ಎಟುಕದಷ್ಟು ಬಿರುಸಿನ ತಮಿಳಿಗೆ ತರುವೆ. ಸುಳ್ಳು ಹೇಳಲ್ಲ ಅಂದಿದ್ದೆಲ್ಲ ಗಾಳಿಗೆ! ಏನು ಪ್ರಯೋಜನ? ನಮ್ಮಿಬ್ಬರನ್ನು ಬಿಟ್ಟರೆ ಇಡೀ ಸಭೆಯಲ್ಲಿ ಕನ್ನಡ ಬರುವ ಹೆಂಗಸು ಒಬ್ಬರೇ, ಬೈಸಿಕೊಳ್ಳುತ್ತಿದ್ದದ್ದೂ ಅವರೇ! ನನ್ನ ಅನುವಾದ ಮುಟ್ಟುವ ಮೊದಲೇ ಮೂಲ ಅವರಿಗೆ ಮುಟ್ಟಿರುತ್ತಿತ್ತು. ಅವರು ಕಣ್ಣು ಮುಚ್ಚಿ, ಎಲ್ಲರಿಗಿಂತ ಕೊನೆಗೆ, ಉದ್ದಕ್ಕೆ ಎಳೆದು “ಆ…ಮೆನ್” ಅನ್ನುವರು. ಸಾಕು, ಕೂತುಕೋ ಎಂದು. ಚಿಕ್ಕಮ್ಮ ಇನ್ನೂ ಸ್ವಲ್ಪ ಹೊತ್ತು ನಿಲ್ಲುವಳು.

ಎರಡು ವರ್ಷ ಹೀಗೇ ಹೋಯಿತು. ಆಮೇಲೊಂದು ಭಾನುವಾರ ಪಾಸ್ಟರ್ ಅಯ್ಯ ಪ್ರಕಟಣೆಯಲ್ಲಿ ಹೇಳಿದರು: ಎಸ್ತರಮ್ಮ ಸಿಸ್ಟರ್ ಕೊಯಮತ್ತೂರಿಗೆ, ಮಗಳ ಮನೆಗೆ, ಖಾಯಂ ಆಗಿ ಹೋಗುತ್ತಿದ್ದಾರೆ, ಮುಂದಿನ ಭಾನುವಾರ ಅವರನ್ನು ಪ್ರಾರ್ಥನೆ ಮಾಡಿ ಕಳಿಸಿಕೊಡೋಣ. ನಾನು ಚಿಕ್ಕಮ್ಮನ ಕಿವಿಯಲ್ಲಿ ಹೇಳಿದೆ. ಅವಳು ಫ್ಯಾನಿನ ಕಡೆ ನೋಡುತ್ತ, “ಹೋಗ್ಲಿ. ಗಾಳಿಯಾದ್ರೂ ಚೆನ್ನಾಗ್ ಬತ್ತದೆ” ಅಂದಳು.

ಆ ವಾರ ನನ್ನ ಜೀವ ತಿಂದುಬಿಟ್ಟರು ಇಬ್ಬರೂ. ಬೆಳಗ್ಗೆ ನಾನು ಚಪಾತಿ ಲಟ್ಟಿಸುವಾಗ ಎಸ್ತರಮ್ಮನವರ ಫೋನ್.

“ಸ್ತೋತ್ರಂ ಮಾ. ನಿಮ್ಮ ಚಿಕ್ಕಮ್ಮ ಬಿಪಿ ಮಾತ್ರೆ ರಾತ್ರಿ ನುಂಗ್ತಾಳೆ. ಅದು ಬೆಳಗ್ಗೆ ನುಂಗೋದು. ಸೊಲ್ಪ ಹೇಳಿ. ನಾ ಹೇಳಿದೆ ಅಂತ ಬೇಡ.”

ಅದನ್ನು ಇಡುವುದರೊಳಗೆ ಚಿಕ್ಕಮ್ಮ. “ಅವಳ್ಗೆ ಪಾದ ಜುಮ್ ಅಂತದೆ. ಅಲ್ಲಿ ಚಳಿ ಜಾಸ್ತಿಯಂತೆ. ಕಾಲ್ಚೀಲ ತಕ್ಕೊಂಡ್ ಹೋಗಕ್ ಹೇಳು. ನಾನ್ ಹೇಳ್ದೆ ಅನ್ಬ್ಯಾಡ, ಹಲ್ಲ್ ಉದುರಿಸ್ತೀನಿ.”

ಕ್ರೋಂಪೇಟೆಯ ಕೆಳಗಿನ ಮನೆಯ ಮಾತು ಕೀಲ್ಪಾಕಿಗೆ ಬಂದು, ಚಪಾತಿ ಹಿಟ್ಟು ಮೆತ್ತಿಕೊಂಡು, ಮತ್ತೆ ಕ್ರೋಂಪೇಟೆಯ ಮೇಲಿನ ಮನೆಗೆ ಹೋಗಬೇಕು! ಮಧ್ಯೆ ಇರುವುದು ಒಂದು ಮೆಟ್ಟಿಲು ಸಾಲು! ಗುರುವಾರದ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಟ್ರೇನ್ ಹತ್ತಿ ನೇರ ಹೋಗಿ, ಚಪ್ಪಲಿ ಬಿಡುವ ಮೊದಲೇ ಕೂಗಾಡಿದೆ.

“ನನಗೂ ಮನೆ ಮಠ ಇದೆ ಚಿಕ್ಕಮ್ಮ! ನಾಳೆ ಅವರು ಹೋದ ಮೇಲೆ ಯಾರನ್ನ ಬೈತೀಯ? ಮೇಲೆ ಹೋಗು, ಬಾಗಿಲು ತಟ್ಟು, ಮಾತಾಡು. ಇಲ್ಲ ಅಂದ್ರೆ ಭಾನುವಾರ ನಾನು ಬರಲ್ಲ, ನೋಡ್ಕೋ!”

ತಿರುಗಿ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಬೀನ್ಸ್ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ತಟ್ಟಿ ಏನಂತ ಹೇಳ್ಲೇ?” ಅಂದಳು. “ಬೈಯೋದ್ ಬಿಟ್ರೆ ನನಗೇನ್ ಬತ್ತದೆ?”

ನಾನು ಇನ್ನೂ ಏನೇನೋ ಕೂಗಾಡಬೇಕೆಂದು ರೈಲಿನಲ್ಲೇ ತಯಾರಿ ಮಾಡಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. ಕೂತು ಬೀನ್ಸ್ ಬಿಡಿಸಿಕೊಟ್ಟು ಬಂದೆ. ಸಿಟ್ಟು ಹಾಗೇ ಉಳಿಯಿತು, ಎಲ್ಲಿ ಇಡಬೇಕೆಂದು ಮಾತ್ರ ತಿಳಿಯಲಿಲ್ಲ.

ಭಾನುವಾರ ಬಂತು. ಹೋದೆ, ಹೋಗದೆ ಇರುತ್ತೇನೆಯೇ! ಎಸ್ತರಮ್ಮ ಹೊಸ ಬಿಳಿ ಸೀರೆ ಉಟ್ಟು ಅದೇ ಜಾಗದಲ್ಲಿ ಕೂತಿದ್ದರು. ಅಂದೇ ಮಧ್ಯಾಹ್ನದ ಟ್ರೇನು, ಬ್ಯಾಗುಗಳು ಮೆಟ್ಟಿಲ ಬುಡದಲ್ಲಿ. ಬಂದವರೆಲ್ಲ ಅವರ ಕೈ ಹಿಡಿದು ಸ್ತೋತ್ರಂ ಅನ್ನುತ್ತಿದ್ದರು, ಹೋಗಿ ಬನ್ನಿ ಎಂದು. ಚಿಕ್ಕಮ್ಮ ಪಕ್ಕದಲ್ಲೇ ಕೂತು ಚಾಪೆಯ ಕಡ್ಡಿ ಎಳೆಯುತ್ತಿದ್ದಳು. ಹಾಡಾಯಿತು, ಪ್ರಸಂಗವಾಯಿತು. ಎಸ್ತರಮ್ಮ ಸಿಸ್ಟರ್ ಬಗ್ಗೆ ಯಾರಾದರೂ ಒಂದು ಮಾತು ಹೇಳುವವರಿದ್ದರೆ ಹೇಳಿ ಎಂದರು ಪಾಸ್ಟರ್ ಅಯ್ಯ. ಒಬ್ಬರಾದ ಮೇಲೊಬ್ಬರು ಎದ್ದು, ಹೊಗಳಿ, ಅಲ್ಲೇಲೂಯಾದಲ್ಲಿ ಇಳಿದರು. ಮುಗಿಯಿತು ಅನ್ನುವಾಗ ಚಿಕ್ಕಮ್ಮ ಎದ್ದಳು. ಹಿಂದೆಯೇ ಹೋಗಿ ಎರಡನೆಯ ಮೈಕ್ ಹಿಡಿದೆ.

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು. “ಈ ಎಸ್ತರಮ್ಮ ಅನ್ನೋಳು ದೊಡ್ಡ ಸುಳ್ಳಿ” ಅಂದಳು.

ಇದನ್ನು ಹೇಗೆ ಹೇಳಲಿ? ಊರು ಬಿಡುವ ಹೆಂಗಸಿನ ಬಗ್ಗೆ, ಅವರ ಕೊನೆಯ ಭಾನುವಾರ! ಸಭೆಯೆಲ್ಲ ನನ್ನ ಬಾಯಿ ನೋಡುತ್ತಿದೆ. “ಸೊಲ್ಲುಂಗ ಸಿಸ್ಟರ್”, ಹೇಳಿ ಎಂದರು ಪಾಸ್ಟರ್ ಅಯ್ಯ. ನಾನು, ಎಸ್ತರಮ್ಮ ತುಂಬ ಒಳ್ಳೆಯವರು ಎಂದು ತಮಿಳಿನಲ್ಲಿ ಶುರು ಮಾಡಿದೆ. ಪಕ್ಕೆಗೆ ಮೊಣಕೈ ಬಿತ್ತು. ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ. ಮತ್ತೆ ಬಿತ್ತು.

ಎಸ್ತರಮ್ಮ ಎದ್ದರು. ಸೀರೆ ಸರಿಮಾಡಿಕೊಂಡು, ಕೂತವರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು, ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

“ಬಿಡು ಮಾ, ನಿನಗೆ ಬರಲ್ಲ” ಅಂದರು. ಆಮೇಲೆ ಸಭೆಯ ಕಡೆ ತಿರುಗಿ, ಒಂದು ಚೂರೂ ಮೆತ್ತಗೆ ಮಾಡದೆ, ತಮಿಳಿನಲ್ಲಿ ಹೇಳಿದರು: ಈ ಎಸ್ತರಮ್ಮ ಅನ್ನೋಳು ದೊಡ್ಡ ಸುಳ್ಳಿ.

ಚಿಕ್ಕಮ್ಮ ಓರೆಗಣ್ಣಲ್ಲಿ ಅವರನ್ನು ನೋಡಿದಳು.

“ನನ್ ಸಿಟ್ಟ ನನ್ ಬಾಯಿಂದ ಕಿತ್ಕೊಂಡು ಸಕ್ರೆ ಹಾಕಿ ಹಂಚುದ್ಲು.”

ಎಸ್ತರಮ್ಮ ಹೇಳಿದರು. ಸಕ್ಕರೆಯನ್ನೂ ಬಿಡಲಿಲ್ಲ.

“ಎರಡ್ ವರ್ಷ ಪಕ್ಕದಲ್ಲೇ ಕೂತಿದ್ಲು. ಒಂದ್ ಮಾತ್ ಆಡ್ಲಿಲ್ಲ.”

ಅದನ್ನೂ ಹೇಳಿದರು. ಹೇಳಿ, ಮೈಕ್ ಸ್ವಲ್ಪ ಕೆಳಗಿಳಿಸಿ, “ನೀನೂ ಆಡ್ಲಿಲ್ಲ ಮಾ” ಅಂದರು ಕನ್ನಡದಲ್ಲಿ.

“ಅದ್ನೂ ಹೇಳು ಅವ್ರಿಗೆ.”

“ಹೇಳ್ತೀನಿ.” ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಚಿಕ್ಕಮ್ಮ ಎರಡೂ ಕೈಯಲ್ಲಿ ಮೈಕ್ ಹಿಡಿದುಕೊಂಡಳು. ಮುಖ ಈಗ ಮಾಡಿನ ಕಡೆ ಇರಲಿಲ್ಲ.

“ನಮ್ಮೆಜಮಾನ್ರು ಹೋದ್ ಮೇಲೆ ನಮ್ ಮನೇಲಿ ಕನ್ನಡ ನಿಂತೋಯ್ತು. ಟಿವಿ ಹಾಕ್ಕೊಂಡು ಕೂತಿರ್ತಿದ್ದೆ, ಯಾರಾದ್ರೂ ಮಾತಾಡ್ತಿರ್ಲಿ ಅಂತ. ಇವಳು ಬಾಗ್ಲಲ್ಲಿ ನಿಂತು, ಊಟ ಆಯ್ತಾ ಮಾ ಅಂದ್ಲು. ಅಷ್ಟೇಯ. ನಾನು ಇಲ್ಲಿಗ್ ಬಂದಿದ್ದು ಅದಕ್ಕೇ. ದೇವ್ರು ಆಮೇಲ್ ಸಿಕ್ದ.”

ಎಸ್ತರಮ್ಮನವರ ತಮಿಳು ನಿಧಾನವಾಯಿತು. ಆದರೆ ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ದೇವರು ಆಮೇಲೆ ಸಿಕ್ಕಿದ್ದನ್ನು, ಪಾಸ್ಟರ್ ಅಯ್ಯನ ಎದುರಿಗೇ, ಇದ್ದ ಹಾಗೆ ಹೇಳಿದರು. ಅಯ್ಯ ತಲೆ ತಗ್ಗಿಸಿ ಕೇಳುತ್ತಿದ್ದರು.

“ಈಗ್ ನೋಡುದ್ರೆ ಹೊಂಟವಳೆ. ಸಿಟ್ಟು ಹೋಗಿಲ್ಲ. ನಮ್ಮೆಜಮಾನ್ರ್ ಮೇಲಿಂದೂ ಹೋಗಿಲ್ಲ, ಇವಳ್ ಮೇಲಿಂದೂ ಹೋಗಿಲ್ಲ. ಇವಳೂ ಅವ್ರಂಗೇ, ಹೋಗೋದ್ನ ನನಗ್ ಒಂದ್ ಮಾತು…”

ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ದೇವರಿಗೇ ಹೆದರದ ಬಾಯಿ!

ಎಲ್ಲರೂ ಕಾದರು. ಎಸ್ತರಮ್ಮನೂ ಕಾದರು. ಸಾಕ್ಷಿ ಮುಗಿಯಿತೆಂದು ತಿಳಿದು ಕೀಬೋರ್ಡಿನ ಬ್ರದರ್ ಕೈ ಮುಂದೆ ತಂದರು; ಎಸ್ತರಮ್ಮ ಅವರ ಕಡೆ ನೋಡದೆಯೇ ಅಂಗೈ ತೋರಿಸಿ ತಡೆದರು. ಮೈಕ್ ಬಾಯಿಯ ಹತ್ತಿರ ತಂದು, ಚಿಕ್ಕಮ್ಮನ ಮುಖವನ್ನೇ ನೋಡುತ್ತ, “ಅಳುವುರಾ” ಅಂದರು. ಅಳುತ್ತಿದ್ದಾಳೆ.

ಸ್ವಲ್ಪ ಬಿಟ್ಟು, “ನಾನುಂ ದಾನ್” ಅಂದರು. ನಾನೂ.

ನಾನೂ ಅಷ್ಟೇ ಎಂದು ಹೇಳೋಣವೆಂದರೆ, ನನ್ನ ಕೈಯಲ್ಲಿ ಮೈಕೇ ಇರಲಿಲ್ಲ.